ನೆರೆ ಇಳಿದ ಮೇಲೆ ರೈತನ ಕೈ ಹಿಡಿಯುವವರು ಯಾರು?

ಇಗರ್ಜಿಗಳೂ ಸ್ವಯಂಸೇವಕರೂ ಮಾಡಬಹುದಾದ ಕೆಲಸ

ಆಟಿ ತಿಂಗಳಲ್ಲಿ ಹೊಳೆ ಉಕ್ಕುವುದು ನಮ್ಮ ಕಡೆಯ ಬೇಸಾಯಗಾರನಿಗೆ ಹೊಸ ಸಂಗತಿಯಲ್ಲ. ಬೊಳ್ಳ ಬಂತು, ಎರಡು ದಿನ ಬೈಲಿನಲ್ಲಿ ನಿಂತಿತು, ಒಂದಿಷ್ಟು ಹೊಸ ಮಣ್ಣನ್ನು ಬಿಟ್ಟು ಇಳಿದು ಹೋಯಿತು ಎಂದರೆ ಅದನ್ನು ನೆಂಟನಂತೆ ಕಂಡವರು ನಮ್ಮ ಹಿರಿಯರು. ಆದರೆ ಬಂದ ನೆಂಟನು ಮನೆಯ ಯಜಮಾನನನ್ನೇ ಹೊರಗೆ ಹಾಕುವ ಕಾಲವೂ ಒಮ್ಮೊಮ್ಮೆ ಬರುತ್ತದೆ. 2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೇರಳ ರಾಜ್ಯ ಕಂಡದ್ದು ಅಂತಹ ಕಾಲವನ್ನು.

ಆ ವರ್ಷ ಜೂನ್ 1ರಿಂದ ಆಗಸ್ಟ್ 19ರ ವರೆಗೆ ಕೇರಳದಲ್ಲಿ ವಾಡಿಕೆಯಂತೆ ಬೀಳಬೇಕಾಗಿದ್ದ ಮಳೆ 1649.5 ಮಿಲಿಮೀಟರ್, ಬಿದ್ದದ್ದು 2346.6 ಮಿಲಿಮೀಟರ್. ರಾಜ್ಯದ 1,664 ಗ್ರಾಮಗಳ ಪೈಕಿ 1,259 ಗ್ರಾಮಗಳಿಗೆ ನೆರೆಯ ಅಥವಾ ಗುಡ್ಡೆ ಜರಿತದ ಪೆಟ್ಟು ತಗಲಿತು. ಮೇ 22ರಿಂದ ಆಗಸ್ಟ್ 29ರೊಳಗೆ 433 ಜನ ಪ್ರಾಣ ಕಳಕೊಂಡರು. ಸುಮಾರು 14 ಲಕ್ಷ ಜನ ಮನೆ ಬಿಟ್ಟು ಪರಿಹಾರ ಶಿಬಿರಗಳಲ್ಲಿ ತಂಗಬೇಕಾಯಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಲೆಕ್ಕಗಳು. ಕೆಸರು ತುಂಬಿದ ಹಟ್ಟಿಯ ಮುಂದೆ ನಿಂತ ರೈತನ ಎದೆಯಲ್ಲಿ ಏನಾಯಿತೆಂಬುದಕ್ಕೆ ಲೆಕ್ಕವಿಲ್ಲ.

ಸರಕಾರ ಏನು ಮಾಡಬೇಕು, ಏನು ಮಾಡಿತು ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಈ ಲೇಖನದ ವಿಷಯ ಅದಲ್ಲ. ಊರಿನ ಇಗರ್ಜಿ, ಊರಿನ ತರುಣರು, ಹೊರಗಿನಿಂದ ಬರುವ ಸ್ವಯಂಸೇವಕರು, ಇವರಿಂದ ರೈತನಿಗೆ ಆಗಬಹುದಾದ ಉಪಕಾರವೇನು? ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇ ಬಾರದು? ಇದನ್ನು ಮಳೆಗಾಲ ಬರುವ ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ನೀರು ಅಂಗಳಕ್ಕೆ ಬಂದ ಮೇಲೆ ಯೋಚಿಸುವುದಕ್ಕೆ ಪುರುಸೊತ್ತು ಎಲ್ಲಿ?

ಇಗರ್ಜಿಯೇ ಏಕೆ?

ನಮ್ಮ ಕರಾವಳಿಯಲ್ಲಾಗಲಿ ವಯನಾಡಿನ ಬೆಟ್ಟದಲ್ಲಾಗಲಿ ಇಗರ್ಜಿ ಕಟ್ಟಿದವರು ಬಹುಮಟ್ಟಿಗೆ ಎತ್ತರದ ಜಾಗವನ್ನೇ ಆರಿಸಿದ್ದಾರೆ. ಅದಕ್ಕೊಂದು ದೊಡ್ಡ ಮಾಡು ಇರುತ್ತದೆ. ಬದಿಯಲ್ಲೊಂದು ಶಾಲೆ, ಹಬ್ಬದ ಅಡಿಗೆಗೆ ಬೇಕಾಗುವ ಹಂಡೆ ಕೊಪ್ಪರಿಗೆಗಳು, ಒಂದು ಬಾವಿ, ಒಂದು ಮೈದಾನು ಇರುತ್ತವೆ. ದೂರ ಕೇಳುವ ಗಂಟೆ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದು ಅಲ್ಲಿನ ಪಾದ್ರಿಯವರಿಗೆ ಕಾಗದ ನೋಡದೆಯೇ ಗೊತ್ತಿರುತ್ತದೆ. ವಿಪತ್ತಿನ ಹೊತ್ತಿಗೆ ಹಣಕ್ಕಿಂತ ಮೊದಲು ಬೇಕಾಗುವುದು ಈ ತಿಳಿವಳಿಕೆ. ಊರಿನ ದೇವಸ್ಥಾನಕ್ಕೂ ಮಸೀದಿಗೂ ಇದೇ ಮಾತು ಸಲ್ಲುತ್ತದೆ.

ಕ್ರೈಸ್ತ ಸಭೆಗಳಿಗೆ ಈ ಕೆಲಸದಲ್ಲಿ ಹಳೆಯ ಅನುಭವವೂ ಇದೆ. ದೇಶ ವಿಭಜನೆಯಾದ 1947ರಲ್ಲಿ ನಿರಾಶ್ರಿತರ ಸೇವೆಗಾಗಿ ಪ್ರೊಟೆಸ್ಟಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳು ಕೂಡಿ ಕಟ್ಟಿದ ‘ಕಾಸಾ’ ಸಂಸ್ಥೆ, 1962ರಲ್ಲಿ ಹುಟ್ಟಿದ ಕಥೋಲಿಕರ ‘ಕಾರಿತಾಸ್ ಇಂಡಿಯಾ’ ಇವೆರಡೂ ದೇಶದ ಎಷ್ಟೋ ನೆರೆ, ಬರ, ಭೂಕಂಪಗಳಲ್ಲಿ ದುಡಿದಿವೆ. ಆದರೆ ಇಂತಹ ದೊಡ್ಡ ಸಂಸ್ಥೆಗಳ ಲಾರಿ ನಮ್ಮ ಊರಿಗೆ ಬಂದು ಮುಟ್ಟುವುದಕ್ಕೆ ದಿನಗಳು ಬೇಕು. ಅಷ್ಟರವರೆಗೆ ಊರನ್ನು ಹಿಡಿದು ನಿಲ್ಲಿಸುವವರು ಊರಿನವರೇ.

ಕಡಲಿನ ಮಕ್ಕಳು ಹೊಳೆಗೆ ಬಂದರು

2018ರ ನೆರೆಯಲ್ಲಿ ಜನ ಮರೆಯದ ಸಂಗತಿಯೆಂದರೆ ಮೀನುಗಾರರ ಸಾಹಸ. ತಿರುವನಂತಪುರ, ಕೊಲ್ಲಂ ಕರಾವಳಿಯ ಬೆಸ್ತರಲ್ಲಿ ಹೆಚ್ಚಿನವರು ಲ್ಯಾಟಿನ್ ಕಥೋಲಿಕರು. ಅಲ್ಲಿ ಊರಿನ ಮಾತು ಕೂಡುವುದು ಇಗರ್ಜಿಯ ಅಂಗಳದಲ್ಲಿ. ಚೆಂಗನ್ನೂರು, ಪತ್ತನಂತಿಟ್ಟ ಕಡೆಯಲ್ಲಿ ಜನ ಮಾಡಿನ ಮೇಲೆ ಕುಳಿತಿದ್ದಾರೆಂಬ ಸುದ್ದಿ ಬಂದೊಡನೆ ಇಗರ್ಜಿಗಳಿಂದ ಕರೆ ಹೋಯಿತು. ಕಡಲಿಗೆ ಇಳಿಸುವ ದೋಣಿಗಳನ್ನು ರಾತೋರಾತ್ರಿ ಲಾರಿಗೆ ಏರಿಸಿ ಒಳನಾಡಿಗೆ ತಂದರು. ಮಲಪ್ಪುರದ ಕಡೆಯ ಮುಸಲ್ಮಾನ ಬೆಸ್ತರು ಕೂಡ ಹೀಗೆಯೇ ಹೊರಟರು. ಹೆಂಗಸರು ದೋಣಿಗೆ ಹತ್ತಲು ಆಗದೆ ನಿಂತಿದ್ದಾಗ ನೀರಿನಲ್ಲಿ ಮೊಣಕಾಲೂರಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟ ಬೆಸ್ತನ ಚಿತ್ರವನ್ನು ನಮ್ಮ ವಾಚಕರು ನೋಡಿರಬಹುದು. ಸರಕಾರದ ಲೆಕ್ಕದಂತೆ 669 ದೋಣಿಗಳಲ್ಲಿ ಹೋದ 4,537 ಮೀನುಗಾರರು ಸುಮಾರು 65,000 ಜನರನ್ನು ಉಳಿಸಿದರು.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೇ. ಬೆಸ್ತರಿಗೆ ಯಾರೂ ಹೊಸ ವಿದ್ಯೆ ಕಲಿಸಲಿಲ್ಲ. ತಮಗೆ ಗೊತ್ತಿದ್ದ ಕೆಲಸವನ್ನು, ತಮ್ಮಲ್ಲಿದ್ದ ಸಾಮಾನಿನಿಂದ, ಕರೆ ಬಂದ ಕೂಡಲೆ ಮಾಡಿದರು. ರೈತರಾದ ನಮಗೆ ಗೊತ್ತಿರುವ ಕೆಲಸ ಮಣ್ಣಿನದು, ಗಿಡದ್ದು, ದನಕರುಗಳದು. ನೆರೆ ಇಳಿದ ಮೇಲೆ ಬೇಕಾಗುವುದೂ ಅದೇ.

ಮೊದಲ ಮೂರು ದಿನ: ದನವನ್ನು ಮರೆಯಬೇಡಿ

ಶಿಬಿರ ತೆರೆಯುವುದು, ಗಂಜಿ ಹಾಕುವುದು, ಬಟ್ಟೆ ಕೊಡುವುದು ಎಲ್ಲರಿಗೂ ತಿಳಿದ ಕೆಲಸ. ಆದರೆ ರೈತನ ಮನೆಯಲ್ಲಿ ಇನ್ನೊಂದು ತೊಡಕಿದೆ. ಶಿಬಿರದಲ್ಲಿ ಮನುಷ್ಯರಿಗೆ ಎಡೆಯುಂಟು, ಹಸುವಿಗೆ ಇಲ್ಲ. ನೀರು ಮೆಟ್ಟಿಲಿಗೆ ಬಂದರೂ ಮುದುಕಿಯೊಬ್ಬಳು ಮನೆ ಬಿಟ್ಟು ಹೊರಡಲು ಒಪ್ಪುವುದಿಲ್ಲ ಎಂದರೆ ಅದಕ್ಕೆ ಕಾರಣ ಹಟ್ಟಿಯಲ್ಲಿ ಕಟ್ಟಿದ ಗಬ್ಬದ ಹಸು ಎಂದು ತಿಳಿಯಬೇಕು. ಅವಳ ಹಸುವಿಗೆ ಜಾಗ ತೋರಿಸಿದರೆ ಅವಳೂ ಬರುತ್ತಾಳೆ.

ಆದುದರಿಂದ ಇಗರ್ಜಿಯ ಮೈದಾನಿನ ಒಂದು ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು ತಾಡಪತ್ರಿ ಕಟ್ಟಿ ದನಗಳ ಚಪ್ಪರ ಹಾಕುವುದಕ್ಕೆ ಮೊದಲೇ ಏರ್ಪಾಡಿರಬೇಕು. ಒಣ ಬೈಹುಲ್ಲನ್ನು ಮಳೆಗಾಲದ ಮುಂಚೆಯೇ ಮನೆಗೊಂದು ಸೂಡಿಯಂತೆ ಕೂಡಿಸಿ ಅಟ್ಟದಲ್ಲಿ ಇಡಬಹುದು. ನೆನೆದು ಬೂಸಲು ಹಿಡಿದ ಹುಲ್ಲನ್ನು ದನಕ್ಕೆ ಹಾಕಲೇ ಬಾರದು, ಅದು ವಿಷ. ಕರೆಯುವ ಹಸುವಿನ ಹಾಲನ್ನು ಗಡಿಬಿಡಿಯಲ್ಲಿ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಹಾಲು ಕರೆಯಲು ಬರುವ ಇಬ್ಬರು ಸ್ವಯಂಸೇವಕರು ಚಪ್ಪರದಲ್ಲಿದ್ದರೆ ಹಸುವೂ ಉಳಿಯಿತು, ಶಿಬಿರದ ಮಕ್ಕಳಿಗೆ ಹಾಲೂ ಆಯಿತು.

ಸತ್ತ ಜಾನುವಾರುಗಳನ್ನು ಹೊಳೆಗೆ ನೂಕುವ ರೂಢಿ ಕೆಟ್ಟದ್ದು. ಬಾವಿ ಮತ್ತು ತೋಡುಗಳಿಂದ ದೂರದಲ್ಲಿ ಆರೆಂಟು ಅಡಿ ಆಳದ ಹೊಂಡ ತೋಡಿ, ಸುಟ್ಟ ಸುಣ್ಣ ಚೆಲ್ಲಿ ಹೂಳಬೇಕು. ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ ಚಿತ್ರ ತೆಗೆಸಿಡಬೇಕು. ಪರಿಹಾರದ ಅರ್ಜಿಗೆ ಅದು ಬೇಕಾಗುತ್ತದೆ.

ಕೆಸರು ತೆಗೆಯುವ ಸೈನ್ಯ

ನೀರು ಇಳಿದ ಮರುದಿನ ಮನೆಯವರು ಹಿಂದಿರುಗಿ ಬಂದಾಗ ಕಾಣುವುದು ಮೊಣಕಾಲುದ್ದ ಕೆಸರು. ಇಲ್ಲಿ ಶ್ರಮದಾನಕ್ಕೆ ನಿಜವಾದ ಬೆಲೆಯಿದೆ. ಮುದುಕರಿಬ್ಬರೇ ಇರುವ ಮನೆಯಲ್ಲಿ ತಿಂಗಳು ಹಿಡಿಯುವ ಕೆಲಸವನ್ನು ಹತ್ತು ಮಂದಿ ತರುಣರು ಒಂದು ಹಗಲಿನಲ್ಲಿ ಮುಗಿಸುತ್ತಾರೆ. ಕೆಸರು ಒಣಗಿ ಗಟ್ಟಿಯಾಗುವುದರೊಳಗೆ ತೆಗೆಯಬೇಕು. ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ.

ಸ್ವಯಂಸೇವಕರು ಬರುವಾಗ ತಮ್ಮ ಹಾರೆ, ಗುದ್ದಲಿ, ಬುಟ್ಟಿ, ಕುಡಿಯುವ ನೀರು, ಬುತ್ತಿ ಇವನ್ನು ತಾವೇ ತರಬೇಕು. ನೆರೆಯಲ್ಲಿ ಎಲ್ಲವನ್ನೂ ಕಳಕೊಂಡವನಿಗೆ ಅತಿಥಿಗಳ ಊಟದ ಭಾರವನ್ನು ಹೊರಿಸುವುದು ಸೇವೆಯಲ್ಲ. ಮೊಣಕಾಲುವರೆಗಿನ ರಬ್ಬರ್ ಬೂಟ್ಸು ಮತ್ತು ಕೈಚೀಲ ಹಾಕದೆ ಕೆಸರಿಗೆ ಇಳಿಯಬಾರದು. ಕಪಾಟಿನ ಸಂದಿಯಲ್ಲಿ, ಸೌದೆ ರಾಶಿಯಲ್ಲಿ ಹಾವು ಇರುವುದುಂಟು. ಕೋಲಿನಿಂದ ತಟ್ಟಿ ನೋಡಿಯೇ ಕೈಹಾಕಬೇಕು.

ಇಲಿಜ್ವರದ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2018ರ ನೆರೆಯ ಹಿಂದೆಯೇ ಕೇರಳದಲ್ಲಿ ಇಲಿಜ್ವರ ಹಬ್ಬಿ ಹಲವರು ಸತ್ತರು. ಅವರಲ್ಲಿ ಕೆಸರು ತೆಗೆಯಲು ಹೋದವರೂ ಇದ್ದರು. ಇಲಿ ಮತ್ತು ದನಗಳ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದಲೂ ಮೈಯೊಳಗೆ ಸೋಂಕನ್ನು ಸೇರಿಸುತ್ತದೆ. ಕೆಸರಿನಲ್ಲಿ ದುಡಿಯುವ ವಯಸ್ಕರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ. ಗರ್ಭಿಣಿಯರಿಗೂ ಮಕ್ಕಳಿಗೂ ಈ ಗುಳಿಗೆ ಸಲ್ಲದು. ಅವರ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಮನೆಯ ಬೆನ್ನಿಗೆ ಬಾವಿ. ಮೊದಲು ಕಲಕಿದ ನೀರನ್ನು ಪಂಪಿನಿಂದ ಹೊರಗೆ ಹಾಕಿ, ಹೊಸ ನೀರು ಊರಿದ ಮೇಲೆ ಬ್ಲೀಚಿಂಗ್ ಪುಡಿ ಬೆರೆಸಬೇಕು. ನೆರೆ ನುಗ್ಗಿದ ಬಾವಿಗೆ ಸಾವಿರ ಲೀಟರಿಗೆ 5 ಗ್ರಾಂ ಲೆಕ್ಕ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್ ಆಯಿತು. ಅದಕ್ಕೆ 63 ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಯಲ್ಲಿ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹುಯ್ದು, ಕೊಡವನ್ನು ಹತ್ತಾರು ಸಲ ಇಳಿಸಿ ಏರಿಸಿ ಕಲಕಬೇಕು. ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಆದರೂ ಕೆಲವು ವಾರ ಕುದಿಸಿಯೇ ಕುಡಿಯಬೇಕು. ಈ ಲೆಕ್ಕವನ್ನು ಕಲಿತ ಇಬ್ಬರು ಹೈಸ್ಕೂಲು ಹುಡುಗರು ಒಂದು ವಾರದಲ್ಲಿ ಊರಿನ ಬಾವಿಗಳನ್ನೆಲ್ಲ ಶುದ್ಧ ಮಾಡಬಲ್ಲರು.

ಗದ್ದೆಯೂ ತೋಟವೂ

ಮನೆ ತೊಳೆದಲ್ಲಿಗೆ ಸೇವೆ ಮುಗಿಯಿತೆಂದು ಹೊರಟು ಹೋಗುವವರೇ ಹೆಚ್ಚು. ರೈತನ ಚಿಂತೆ ಮೊದಲಾಗುವುದು ಅಲ್ಲಿಂದಲೇ.

ಮೊದಲು ನೀರು ಬಸಿಯಬೇಕು. ಅಡಕೆ, ತೆಂಗು, ಕೊಕ್ಕೋ, ಒಳ್ಳೆಮೆಣಸು ಯಾವ ಬೆಳೆಯೂ ನಿಂತ ನೀರಿನಲ್ಲಿ ಬಹಳ ದಿನ ಬಾಳದು. ಮುಚ್ಚಿಹೋದ ಕಣಿಗಳನ್ನು ಬಿಡಿಸುವುದು ಒಬ್ಬನ ತೋಟದಲ್ಲಿ ಮಾತ್ರ ಮಾಡುವ ಕೆಲಸವಲ್ಲ. ಕೆಳಗಿನವನ ಕಣಿ ಮುಚ್ಚಿದ್ದರೆ ಮೇಲಿನವನ ತೋಟ ಕೆರೆಯಾಗಿಯೇ ಉಳಿಯುತ್ತದೆ. ಇಡೀ ಬೈಲಿನ ಕಣಿಯನ್ನು ಹೊಳೆಯ ಬಾಯಿಂದ ಮೇಲಕ್ಕೆ ಒಂದೇ ಸಲ ಬಿಡಿಸಲು ಸ್ವಯಂಸೇವಕರ ಗುಂಪೇ ಬೇಕು. ಬುಡದಲ್ಲಿ ಕೂತ ಹೂಳನ್ನು ತೆಗೆದು ಹಾಕಬೇಕು. ಗಾಳಿಯಾಡದೆ ಬೇರು ಕೊಳೆಯುತ್ತದೆ.

ನೆರೆಯ ಬೆನ್ನಿಗೆ ಅಡಕೆಗೆ ಕೊಳೆರೋಗವೂ ಮೆಣಸಿನ ಬಳ್ಳಿಗೆ ಸೊರಗುರೋಗವೂ ಜೋರಾಗುತ್ತವೆ. ಇವೆರಡಕ್ಕೂ ಶೇಕಡಾ ಒಂದರ ಬೋರ್ಡೋ ದ್ರಾವಣ ನಮ್ಮ ಹಳೆಯ ಆಯುಧ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ತಿಕ್ಕಿ ಹೊಳಪು ಮಾಡಿದ ಚೂರಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಳೆ ಬಿಟ್ಟ ಎರಡು ದಿನಗಳಲ್ಲಿ ಊರಿನ ತೋಟಗಳಿಗೆಲ್ಲ ಮದ್ದು ಬಿಡಬೇಕಾದಾಗ ಮರ ಏರುವವರ ಅಭಾವವೇ ದೊಡ್ಡ ಕಷ್ಟ. ಹತ್ತಿರದ ನೆರೆ ಬಾರದ ಊರಿನ ಇಗರ್ಜಿಯವರು ನಾಲ್ಕು ಮಂದಿ ಮರ ಏರುವವರನ್ನೂ ಎರಡು ಪಂಪುಗಳನ್ನೂ ಕಳಿಸಿಕೊಟ್ಟರೆ ಅದು ನೂರು ಅಕ್ಕಿ ಮೂಟೆಗಿಂತ ಮಿಗಿಲಾದ ದಾನ.

ಗದ್ದೆಯ ವಿಷಯದಲ್ಲಿ ಆತುರಪಡಬಾರದು. ನೀರು ಇಳಿದೊಡನೆ ಯೂರಿಯಾ ಎರಚಿದರೆ ವ್ಯರ್ಥ. ನೇಜಿ ಹೊಸ ಎಲೆ ಬಿಟ್ಟ ಮೇಲೆ ಮೇಲುಗೊಬ್ಬರ ಕೊಡಬೇಕು. ಸತ್ತ ಬುಡಗಳ ಜಾಗಕ್ಕೆ ಉಳಿದ ಬುಡಗಳ ಕವಲನ್ನು ಕಿತ್ತು ನೆಡಬಹುದು. ಗದ್ದೆ ಪೂರ್ತಿ ಹೋಗಿದ್ದರೆ ಜ್ಯೋತಿಯಂತಹ ಬೇಗ ಬರುವ ತಳಿಯೇ ಗತಿ. ಇದಕ್ಕೆ ಚಾಪೆ ನೇಜಿಯ ಉಪಾಯ ಚೆನ್ನಾಗಿ ಒದಗುತ್ತದೆ. ಗದ್ದೆ ಇನ್ನೂ ಕೆಸರಿನಲ್ಲಿರುವಾಗಲೇ ಎತ್ತರದ ಮೈದಾನಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮಣ್ಣು ಗೊಬ್ಬರಗಳನ್ನು ತೆಳ್ಳಗೆ ಹರಡಿ ಬೀಜ ಹಾಕಿದರೆ ಸುಮಾರು ಎರಡು ವಾರದಲ್ಲಿ ನೇಜಿ ತಯಾರು. ಒಂದು ಹೆಕ್ಟೇರು ಗದ್ದೆಗೆ ನೂರು ಚದರ ಮೀಟರ್ ಜಾಗ ಸಾಕು. ಇಗರ್ಜಿಯ ಶಾಲೆಯ ಆಟದ ಬಯಲೊಂದರಲ್ಲಿ ಇಡೀ ಊರಿನ ನೇಜಿಯನ್ನು ಬೆಳೆಸಬಹುದು! ಮಕ್ಕಳು ಎರಡು ವಾರ ಚೆಂಡಾಟ ಬಿಟ್ಟರೆ ನಷ್ಟವೇನೂ ಇಲ್ಲ.

ಹೂಳು ಕೂತ ಮಣ್ಣನ್ನು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು ಕ್ರಮ. ನಮ್ಮ ಕಡೆಯ ಹುಳಿ ಮಣ್ಣಿನ ಗದ್ದೆಗಳಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದವರು ಹೆಕ್ಟೇರಿಗೆ 600 ಕಿಲೋ ಸುಣ್ಣವನ್ನು, ಮೊದಲ ಉಳುಮೆಗೆ 350 ಕಿಲೋ, ತಿಂಗಳ ಮೇಲೆ 250 ಕಿಲೋ ಎಂದು ಎರಡು ಸಲ ಕೊಡಲು ಹೇಳುತ್ತಾರೆ. ಊರಿನ ಹತ್ತು ಕಡೆಯ ಮಣ್ಣಿನ ಮಾದರಿಯನ್ನು ಚೀಟಿ ಅಂಟಿಸಿ ಪರೀಕ್ಷೆಗೆ ಮುಟ್ಟಿಸಿ ಬರುವುದೂ ಒಬ್ಬ ಸ್ವಯಂಸೇವಕನ ಒಂದು ದಿನದ ಕೆಲಸವೇ.

ಕೂಡಿ ಮಾಡುವ ಬೇಸಾಯದ ಬಲವನ್ನು ಕುಟ್ಟನಾಡಿನಲ್ಲಿ ನೋಡಬೇಕು. ಕಡಲ ಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ಗದ್ದೆಗಳ ಸುತ್ತಲಿನ ಕಟ್ಟೆಗಳು 2018ರಲ್ಲಿ ಒಡೆದು ನೀರು ತುಂಬಿತು. ಅಲ್ಲಿ ಒಬ್ಬ ರೈತ ತನ್ನ ಗದ್ದೆಯ ನೀರನ್ನು ಮಾತ್ರ ಹೊರಗೆ ಹಾಕುವಂತಿಲ್ಲ. ಪಾಡಶೇಖರ ಎಂದು ಅವರು ಕರೆಯುವ ಇಡೀ ಬೈಲಿನವರು ಕೂಡಿ ಕಟ್ಟೆ ಕಟ್ಟಿ, ಪಂಪು ಇಟ್ಟು ನೀರು ಎತ್ತಬೇಕು. ಹಾಗೆ ಎತ್ತಿ ಬಿತ್ತಿದ ಪುಂಜ ಬೆಳೆ ಹೊಸ ಹೂಳಿನ ಬಲದಿಂದ ಚೆನ್ನಾಗಿಯೇ ಬಂತು. ನೆರೆ ಕೊಂಡುಹೋದದ್ದರಲ್ಲಿ ಸ್ವಲ್ಪವನ್ನು ಮಣ್ಣಿನ ರೂಪದಲ್ಲಿ ಹಿಂದಕ್ಕೆ ಕೊಟ್ಟಿತ್ತು.

ಕೈಗೆ ಕೆಲಸ ಕೊಡುವ ದಾನ

ಎರ್ಣಾಕುಳಂ ಜಿಲ್ಲೆಯ ಚೇಂದಮಂಗಲ ಕೈಮಗ್ಗದ ಸೀರೆಗೆ ಹೆಸರಾದ ಊರು. ಓಣಂ ಹಬ್ಬಕ್ಕೆಂದು ನೇಯ್ದಿಟ್ಟ ಬಟ್ಟೆಯೆಲ್ಲ ನೆರೆಯಲ್ಲಿ ಕೆಸರು ಹಿಡಿದು ಹಾಳಾಯಿತು. ಅದನ್ನು ಸುಟ್ಟುಬಿಡುವುದೆಂದು ನೇಕಾರರು ನಿಶ್ಚಯಿಸಿದ್ದರು. ಆಗ ಲಕ್ಷ್ಮೀ ಮೆನನ್ ಮತ್ತು ಅವರ ಸಂಗಡಿಗರು ಆ ಬಟ್ಟೆಯನ್ನು ಕೊಂಡು, ತೊಳೆದು, ಸಣ್ಣ ಸಣ್ಣ ಬೊಂಬೆ ಮಾಡುವ ಉಪಾಯ ತೆಗೆದರು. ‘ಚೇಕುಟ್ಟಿ’ ಎಂದು ಅದಕ್ಕೆ ಹೆಸರು. 1,300 ರೂಪಾಯಿಯ ಒಂದು ಸೀರೆಯಿಂದ 360 ಬೊಂಬೆಗಳು; ಬೊಂಬೆಗೆ 25 ರೂಪಾಯಿಯಂತೆ 9,000 ರೂಪಾಯಿ. ಊರೂರಿನ ಶಾಲಾ ಮಕ್ಕಳೂ ಹೆಂಗಸರೂ ಸ್ವಯಂಸೇವಕರಾಗಿ ಬೊಂಬೆ ಕಟ್ಟಿಕೊಟ್ಟರು. ಹಣ ನೇಕಾರರಿಗೆ ಹೋಯಿತು. ಕೈಚಾಚಿ ಬೇಡದೆ ಮಗ್ಗ ಮತ್ತೆ ಎದ್ದಿತು.

ರೈತನಿಗೂ ಇದೇ ಬಗೆಯ ಸಹಾಯ ಬೇಕು. ಕೊಚ್ಚಿಹೋದ ಹಾರೆ ಗುದ್ದಲಿಗಳು, ಒಂದು ಸ್ಪ್ರೇಯರು, ಎರಡು ಆಡು, ಒಂದು ಮೂಟೆ ಬೀಜ, ನೂರು ಬೇರು ಬಂದ ಮೆಣಸಿನ ಬಳ್ಳಿ, ಇಷ್ಟು ಸಿಕ್ಕರೆ ಅವನು ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಮೆಣಸಿನ ಹಬ್ಬು ಬಳ್ಳಿಯನ್ನು ಮಾಘ ಫಾಲ್ಗುಣದಲ್ಲಿ ಕತ್ತರಿಸಿ ನೆರಳಿನಲ್ಲಿ ತೊಟ್ಟೆಯಲ್ಲಿ ನೆಟ್ಟರೆ ಮಳೆಗಾಲಕ್ಕೆ ಗಿಡ ಸಿದ್ಧ. ಇಗರ್ಜಿಯ ಮಹಿಳಾ ಸಂಘದವರು ವರ್ಷ ವರ್ಷವೂ ಇದನ್ನು ಮಾಡಿಟ್ಟರೆ, ವಿಪತ್ತು ಬಂದ ವರ್ಷ ದಾನಕ್ಕಾಯಿತು, ಬಾರದ ವರ್ಷ ಮಾರಾಟಕ್ಕಾಯಿತು.

ಅರ್ಜಿಯ ಕೆಲಸವನ್ನೂ ಸಣ್ಣದೆಂದು ತಿಳಿಯಬಾರದು. ಬೆಳೆ ಹಾನಿಯನ್ನು ಕೂಡಲೇ ಕೃಷಿ ಭವನಕ್ಕೆ ತಿಳಿಸಬೇಕು. ಬೆಳೆ ವಿಮೆ ಇದ್ದವರು ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ವರದಿ ಮಾಡಬೇಕೆಂದು ನಿಯಮ. ಆ 72 ಗಂಟೆಗಳಲ್ಲಿ ರೈತನು ಶಿಬಿರದಲ್ಲಿರುತ್ತಾನೆ. ಅವನ ತೀರ್ವೆ ರಸೀದಿ ನೀರಿನಲ್ಲಿರುತ್ತದೆ. ಇನ್ನು ನಮ್ಮ ಗಡಿನಾಡಿನಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರ ಕೈಗೆ ಮಲಯಾಳದ ನಮೂನೆ ಬಂದರೆ ಅವರು ಅದನ್ನು ಮಡಚಿ ಕಿಸೆಯಲ್ಲಿ ಇಡುತ್ತಾರೆ ಹೊರತು ತುಂಬುವುದಿಲ್ಲ. ಎರಡೂ ಭಾಷೆ ಬಲ್ಲ ಒಬ್ಬ ಹುಡುಗಿ ಶಿಬಿರದಲ್ಲಿ ಮೇಜು ಹಾಕಿ ಕೂತು ಅರ್ಜಿ ಬರೆದುಕೊಟ್ಟರೆ ಎಷ್ಟೋ ಸಂಸಾರಗಳ ವರ್ಷದ ಕೂಳು ಉಳಿಯುತ್ತದೆ.

ಮನೆ ಕಟ್ಟುವ ಮುನ್ನ ಕೇಳಿರಿ

ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ವಾಚಕರಿಗೆ ಕಿಲ್ಲಾರಿಯ ಭೂಕಂಪ ನೆನಪಿರಬಹುದು. 1993ನೆಯ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರು ಉಸ್ಮಾನಾಬಾದು ಜಿಲ್ಲೆಗಳ ಹಳ್ಳಿಗಳು ನೆಲಸಮವಾದವು. ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳೂ ಮಣ್ಣಿನ ಭಾರದ ಮಾಳಿಗೆಗಳೂ ಸಾವಿರಾರು ಜನರನ್ನು ಹೂತುಹಾಕಿದವು. ಅತಿ ಹೆಚ್ಚು ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ದೇಶದ ನಾನಾ ಕಡೆಯ ಸಂಸ್ಥೆಗಳು ಒಂದೊಂದು ಹಳ್ಳಿಯನ್ನು ದತ್ತು ತೆಗೆದುಕೊಂಡವು.

ಮನಸ್ಸು ಒಳ್ಳೆಯದಿತ್ತು. ಆದರೆ ಹಲವು ಕಡೆ ಪೇಟೆಯ ಬಡಾವಣೆಯಂತೆ ಗೆರೆ ಎಳೆದು ಮನೆ ಕಟ್ಟಿದ್ದರಿಂದ ರೈತನಿಗೆ ಹೊಲ ದೂರವಾಯಿತು. ಎತ್ತು ಕಟ್ಟಲು, ಕಣಿಕೆ ಒಟ್ಟಲು, ಜೋಳದ ಹಗೇವು ಇಡಲು ಎಡೆಯಿಲ್ಲವಾಯಿತು. ಓಣಿಯಲ್ಲಿ ಎದುರುಬದುರು ಬಾಳಿದ ಅಣ್ಣತಮ್ಮಂದಿರ ಮನೆಗಳು ಚೀಟಿ ಎತ್ತಿದಂತೆ ಹಂಚಿಹೋದವು. ಆಮೇಲೆ ಜನ ತಾವೇ ತಗಡಿನ ಚಪ್ಪರ ಕಟ್ಟಿ, ಗೋಡೆ ಒಡೆದು, ಮನೆಯನ್ನು ತಮ್ಮ ಬಾಳಿಗೆ ಹೊಂದಿಸಿಕೊಳ್ಳಬೇಕಾಯಿತು. ಮನೆ ಕಟ್ಟಿಸಿಕೊಡುವ ಇಗರ್ಜಿಯವರು ನಕ್ಷೆ ಬರೆಯುವ ಮೊದಲು ಮನೆಯೊಡತಿಯನ್ನು ಕೂರಿಸಿಕೊಂಡು ಕೇಳಬೇಕು: ಒಲೆ ಎಲ್ಲಿ, ಹಟ್ಟಿ ಎಲ್ಲಿ, ಗೊಬ್ಬರದ ಗುಂಡಿ ಎಲ್ಲಿ, ಅಡಕೆ ಒಣಗಿಸುವ ಅಂಗಳ ಎಷ್ಟು?

ವಯನಾಡಿನ ಪಾಠ

2024ನೆಯ ಜುಲೈ 30ರ ರಾತ್ರಿ ಕಳೆಯುವುದರೊಳಗೆ ವಯನಾಡಿನ ಮೇಪ್ಪಾಡಿ ಪಂಚಾಯತಿನ ಪುಂಚಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆಗಳನ್ನು ಗುಡ್ಡೆ ಜರಿದು ಕೊಚ್ಚಿಕೊಂಡು ಹೋಯಿತು. ಹೆಚ್ಚುಕಡಿಮೆ ಮುನ್ನೂರು ಜನ ಸತ್ತರು. ಹೆಣಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ನಿಲಂಬೂರಿನ ಕಾಡಿನವರೆಗೆ ಹೋದವು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಹಗಲಿರುಳು ದುಡಿದು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರಂದು ಮುಗಿಸಿದ ಮೇಲೆ ಆಚೆ ದಡಕ್ಕೆ ಯಂತ್ರಗಳು ಹೋದವು. ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ಹೂಳುವಾಗ ಯಾವ ಧರ್ಮದವರೆಂದು ತಿಳಿಯದ ಕಾರಣ ಎಲ್ಲ ಧರ್ಮದವರೂ ಒಟ್ಟಿಗೆ ನಿಂತು ಪ್ರಾರ್ಥನೆ ಮಾಡಿದರು. 2019ರ ಆಗಸ್ಟ್ 8ರಂದು ಅದೇ ಪುತ್ತುಮಲೆಯಲ್ಲಿ ಗುಡ್ಡೆ ಜರಿದು 17 ಜನ ತೀರಿಹೋಗಿದ್ದರು.

ಕೇರಳದ ಕಥೋಲಿಕ ಬಿಷಪರ ಮಂಡಳಿ ಸಂತ್ರಸ್ತರಿಗೆ ನೂರು ಮನೆ ಕಟ್ಟಿಸುವುದಾಗಿ ಆಗಲೇ ಸಾರಿತು. ಇದು ದೊಡ್ಡ ಮಾತು. ಆದರೆ ಮನೆಗಿಂತಲೂ ಅಗ್ಗವಾದ, ಪ್ರಾಣ ಉಳಿಸುವ ಇನ್ನೊಂದು ಕೆಲಸವಿದೆ. ಕಲ್ಪೆಟ್ಟೆಯ ಹ್ಯೂಂ ಕೇಂದ್ರದವರು ವಯನಾಡಿನಾದ್ಯಂತ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಅವುಗಳನ್ನು ದಿನವೂ ನೋಡಿ ಬರೆಯುವವರು ರೈತರು ಮತ್ತು ಸ್ವಯಂಸೇವಕರು. ಆ ದುರಂತದ ಹಿಂದಿನ ಎರಡು ದಿನಗಳಲ್ಲಿ ಅಲ್ಲಿನ ಹತ್ತಿರದ ಮಾಪಕವೊಂದು 572 ಮಿಲಿಮೀಟರ್ ಮಳೆಯನ್ನು ತೋರಿಸಿತ್ತು. ಗುಡ್ಡೆ ಜರಿಯುವ ಸಂಭವವಿದೆಯೆಂದು ಕೇಂದ್ರದವರು ಮುನ್ನಾದಿನವೇ ಎಚ್ಚರಿಕೆ ಕಳಿಸಿದ್ದರು. ಕೆಲವರು ಮನೆ ಬಿಟ್ಟು ಹೋಗಿ ಬದುಕಿದರು. ಉಳಿದವರನ್ನು ಹೊರಡಿಸುವವರು ಇರಲಿಲ್ಲ.

ಅದೇ ರಾತ್ರಿ ಕೋಯಿಕ್ಕೋಡು ಜಿಲ್ಲೆಯ ವಿಲಂಗಾಡಿನಲ್ಲಿಯೂ ಗುಡ್ಡೆಗಳು ಜರಿದುವು. ಮನೆ, ತೋಟ, ರಸ್ತೆ, ಸೇತುವೆ ಹಾಳಾದವು. ಆದರೆ ಅಲ್ಲಿ ಜನ ಒಬ್ಬರನ್ನೊಬ್ಬರು ಕೂಗಿ ಎಬ್ಬಿಸಿ ಮೊದಲೇ ಸರಿದುಕೊಂಡಿದ್ದರು. ಸತ್ತವರು ಒಬ್ಬರೇ, ನೆರೆಹೊರೆಯವರಿಗೆ ನೆರವಾಗಲೆಂದು ಹೊರಗೆ ಹೋದ ನಿವೃತ್ತ ಅಧ್ಯಾಪಕರು.

ಬೆಟ್ಟದ ಬುಡದ ಪ್ರತಿಯೊಂದು ಇಗರ್ಜಿ, ದೇವಸ್ಥಾನ, ಮಸೀದಿ, ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಒಬ್ಬ ವಿದ್ಯಾರ್ಥಿ ಅದನ್ನು ನೋಡಿ ಹಲಗೆಯ ಮೇಲೆ ಬರೆಯಲಿ. ಮಳೆ ಜೋರಾದ ದಿನ ಮೂರು ಗಂಟೆಗೊಮ್ಮೆ ಬರೆಯಲಿ. ತೋಡಿನ ನೀರು ಏಕಾಏಕಿ ಕೆಂಪಾಗುವುದು, ಬರೆಯಲ್ಲಿ ಬಿರುಕು ಕಾಣುವುದು, ನೆಟ್ಟಗಿದ್ದ ಕಂಬ ವಾಲುವುದು, ಹರಿಯುವ ನೀರು ಇದ್ದಕ್ಕಿದ್ದಂತೆ ನಿಲ್ಲುವುದು, ಇವೆಲ್ಲ ಗುಡ್ಡೆ ಕೊಡುವ ಸೂಚನೆಗಳು. ಇಂತಹ ರಾತ್ರಿ ಗಂಟೆ ಬಾರಿಸಿದರೆ ಯಾವ ದೇವರೂ ಮುನಿಯಲಾರ.

ಮಾಡಬಾರದ ಕೆಲಸಗಳು

ಹಳೆ ಬಟ್ಟೆಯ ರಾಶಿ ಕಳಿಸಬಾರದು. ಏನು ಬೇಕೆಂದು ಕೇಳದೆ ಲಾರಿ ಹೊರಡಿಸಬಾರದು. ಅಕ್ಕಿಯ ಚೀಲ ಕೊಡುವಾಗ ಕೊಳ್ಳುವವನ ಮುಖದ ಚಿತ್ರ ತೆಗೆಯಬಾರದು. ನಿನ್ನೆಯವರೆಗೆ ಹತ್ತು ಮಂದಿಗೆ ಕೆಲಸ ಕೊಟ್ಟು ಊಟ ಹಾಕಿದವನು ಅವನು. ತನ್ನ ಸಭೆಯವರಿಗೆ ಮೊದಲು, ಇತರರಿಗೆ ಆಮೇಲೆ ಎಂಬ ಎಣಿಕೆ ಎಳ್ಳಷ್ಟೂ ಕೂಡದು. ಸಹಾಯದ ಜೊತೆಗೆ ಮತದ ಮಾತನ್ನು ಬೆರೆಸಿದರೆ ಸಹಾಯಕ್ಕೂ ಮತಕ್ಕೂ ಕೇಡು. ರೆಡ್‌ಕ್ರಾಸ್ ಮತ್ತು ಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನಡತೆಯ ನಿಯಮಗಳಲ್ಲಿಯೂ ಜಾತಿ ಮತ ನೋಡದೆ ಅಗತ್ಯವನ್ನಷ್ಟೇ ನೋಡಿ ಕೊಡಬೇಕೆಂಬುದು ಮುಖ್ಯವಾದ ಮಾತು.

ಬಂದ ಹಣ, ಕೊಟ್ಟ ಹಣದ ಲೆಕ್ಕವನ್ನು ಇಗರ್ಜಿಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಪಂಚಾಯತು, ಕೃಷಿ ಭವನ, ಆರೋಗ್ಯ ಕೇಂದ್ರ, ಕುಟುಂಬಶ್ರೀ ಹೆಂಗಸರು, ಉಳಿದ ದೇವಸ್ಥಾನ ಮಸೀದಿಗಳವರು, ಇವರೆಲ್ಲರೂ ಒಂದೇ ಪಟ್ಟಿಯನ್ನು ಇಟ್ಟುಕೊಂಡರೆ ಒಬ್ಬನಿಗೆ ನಾಲ್ಕು ಚಾಪೆ, ಇನ್ನೊಬ್ಬನಿಗೆ ಒಂದೂ ಇಲ್ಲ ಎಂಬ ಅನ್ಯಾಯ ತಪ್ಪುತ್ತದೆ. ಜಮೀನಿಲ್ಲದ ಕೂಲಿಯವರನ್ನೂ ಗೇಣಿಗೆ ಬೇಸಾಯ ಮಾಡುವವರನ್ನೂ ಆ ಪಟ್ಟಿಯಲ್ಲಿ ಮರೆಯಬಾರದು. ಅವರ ಹೆಸರಿನಲ್ಲಿ ತೀರ್ವೆ ರಸೀದಿ ಇರುವುದಿಲ್ಲ. ಆದುದರಿಂದ ಸರಕಾರದ ಪರಿಹಾರ ಅವರನ್ನು ಮುಟ್ಟುವುದು ಕಷ್ಟ. ಅಲ್ಲಿ ಇಗರ್ಜಿಯ ಹಣ ಮೊದಲು ಹೋಗಲಿ.

ಕೊನೆಯದಾಗಿ ಒಂದು ಮಾತು. ನೆರೆಯ ಮೊದಲ ವಾರ ನೂರು ಕೈಗಳು ಬರುತ್ತವೆ. ತಿಂಗಳು ಕಳೆದ ಮೇಲೆ ಹತ್ತು ಉಳಿಯುತ್ತವೆ. ಆದರೆ ಹೊಸದಾಗಿ ನೆಟ್ಟ ಅಡಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಮೆಣಸಿನ ಬಳ್ಳಿಗೆ ಮೂರು ವರ್ಷ. ಅಷ್ಟು ಕಾಲವೂ ಆ ಮನೆಯ ಕಡೆಗೆ ಆಗಾಗ ಹೋಗಿ, ಜಗಲಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ತೋಟಕ್ಕೆ ಇಳಿದು ಸಸಿ ನೋಡಿ ಬರುವವನೊಬ್ಬ ಬೇಕು. ಮಳೆಗಾಲ ಬರುವ ಮೊದಲು ನಮ್ಮ ಊರಿನಲ್ಲಿ ಅಂಥವರು ಯಾರು ಯಾರು ಎಂದು ಹೆಸರು ಬರೆದುಕೊಳ್ಳೋಣ. ಆ ಪಟ್ಟಿಯಲ್ಲಿ ಮೊದಲಿನ ಹೆಸರು ನಮ್ಮದೇ ಆಗಿರಲಿ.